ಗಿರಣಿ ನಿಂತ ದಿನ

ಗಿರಣಿ ನಿಂತಿದ್ದರಿಂದ ಅವತ್ತು ಬೆಳಿಗ್ಗೆ ಮೇಷ್ಟ್ರಿಗೆ ತಾವು ಟೀ ಕುಡಿಯುವ ಸದ್ದು ತಮಗೇ ಕೇಳಿಸಿತು. ಇಷ್ಟು ವರ್ಷವೂ ಹೀಗೆ ಸೊರ್ ಸೊರ್ ಎಂದೇ ಕುಡಿಯುತ್ತಿದ್ದೆನೇನೋ ಎಂದು ಅನುಮಾನ ಬಂದು, ಮುಂದಿನ ಗುಟುಕನ್ನು ಸದ್ದಿಲ್ಲದೆ ನುಂಗಲು ಹೋಗಿ ನಾಲಿಗೆ ಸುಟ್ಟುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ನೋಡಿದಳೋ, ನೋಡಿಯೂ ನೋಡದ ಹಾಗಿದ್ದಳೋ ಹೇಳುವುದು ಕಷ್ಟ, ಮದುವೆಯಾದಾಗಿನಿಂದಲೂ ಕಷ್ಟವೇ. ನಾಲ್ಕೂ ಉತ್ತರ ಬರುತ್ತಲ್ಲ ಎಂದು ಕೇಳಿದರು. ಬರುತ್ತೆ ಅಂದಳು. ಎಲ್ಲಿ, ಒಂದು ಸಲ ಹೇಳು ನೋಡೋಣ ಎನ್ನಬೇಕೆಂದು ಬಾಯಿ ತೆರೆದರು, ಸುಟ್ಟ ನಾಲಿಗೆ ಚುರುಗುಟ್ಟಿ ಸುಮ್ಮನಾದರು. ನಿವೃತ್ತಿಯಾದ ಮೇಲೆ ಹೀಗೆ ಬಾಯಿಪಾಠ ಒಪ್ಪಿಸಿಕೊಳ್ಳಬೇಕೆಂಬ ಆಸೆ ಹೆಚ್ಚಾಗಿತ್ತು, ಒಪ್ಪಿಸುವವರು ಕಡಿಮೆಯಾಗಿದ್ದರು.

ಊರಿಗೆ ಅವತ್ತು ಅಭಿಪ್ರಾಯ ಕೇಳುವವರು ಬರುವವರಿದ್ದರು. ಪಟ್ಟಣದ ಯಾವುದೋ ಕಚೇರಿ ಹಳ್ಳಿಹಳ್ಳಿಗೂ ಜನ ಕಳಿಸಿ, ಇಲ್ಲಿ ಬದುಕು ಹೇಗಿದೆ, ನೆರೆಹೊರೆ ಹೇಗಿದೆ ಎಂದು ಅಲ್ಲಿನವರ ಬಾಯಿಂದಲೇ ಕೇಳಿಸಿಕೊಂಡು, ಯಾವ ಊರಿನವರು ತಮ್ಮನ್ನು ತಾವು ಚೆನ್ನಾಗಿ ಹೊಗಳಿಕೊಳ್ಳುತ್ತಾರೋ ಆ ಊರಿನ ಮುಂದೆ 'ಮಾದರಿ ಗ್ರಾಮ' ಎಂಬ ಬೋರ್ಡು ನೆಡುತ್ತದಂತೆ. ಬೋರ್ಡು ಬಿಟ್ಟು ಬೇರೇನೂ ಕೊಡುವುದಿಲ್ಲ. ಆದರೆ ಹೋದ ವರ್ಷ ಅದು ಪಕ್ಕದ ಊರಿಗೆ ಸಿಕ್ಕಿತ್ತು, ಅಷ್ಟು ಸಾಕಾಗಿತ್ತು. ಪಕ್ಕದ ಊರಿಗೆ ಕೆಮ್ಮು ಬಂದರೂ ನಮಗೇಕೆ ಬರಲಿಲ್ಲ ಎಂದು ಕೊರಗುವ ಜನ. ಕೆಲವು ದಿನಗಳ ಹಿಂದೆಯೇ ಪಂಚಾಯಿತಿ ಅಧ್ಯಕ್ಷರು ಖುದ್ದಾಗಿ ಮೇಷ್ಟ್ರ ಮನೆಗೆ ಬಂದು, ಪ್ರಶ್ನೆ ನಾಲ್ಕೇ ಅಂತೆ, ಪಕ್ಕದ ಊರಿನವರನ್ನು ವಿಚಾರಿಸಿ ತಿಳಿದುಕೊಂಡಿದ್ದೇನೆ, ಉತ್ತರ ತಯಾರು ಮಾಡಿ ಎಲ್ಲರಿಗೂ ಹೇಳಿಕೊಡಿ, ನಿಮ್ಮನ್ನು ಬಿಟ್ಟರೆ ಈ ಊರಿಗೆ ಇನ್ಯಾರಿದ್ದಾರೆ ಎಂದರು. ಇನ್ಯಾರಿದ್ದಾರೆ ಎಂಬ ಆ ಮಾತನ್ನು ಮೇಷ್ಟ್ರು ಅವತ್ತು ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದರು, ಅವಳು ಕೇಳಿಸಿಕೊಳ್ಳಲಿಲ್ಲವೇನೋ ಎಂದು ಕೈ ತೊಳೆಯುವಾಗ ಇನ್ನೊಮ್ಮೆ ಹೇಳಿದರು.

ಆಮೇಲೆ ಸಂಜೆ ಸಂಜೆ ಪಾಠ ನಡೆಯಿತು. ಶಾಲೆಯ ಕೋಣೆಯಲ್ಲಿ, ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತ ಊರಿನ ದೊಡ್ಡವರೆಲ್ಲ, ನಮ್ಮ ಊರಿನಲ್ಲಿ ಎಲ್ಲರೂ ಒಂದೇ ಮನೆಯವರಂತೆ ಬಾಳುತ್ತೇವೆ ಎಂದು ಒಟ್ಟಿಗೆ ಒದರಿದರು. ಬೇಲಿಯ ವಿಷಯಕ್ಕೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಆ ಗೋಡೆಗೊಬ್ಬರು ಈ ಗೋಡೆಗೊಬ್ಬರು ಕೂತು ಎಲ್ಲರಿಗಿಂತ ಜೋರಾಗಿ ಹೇಳಿದರು. ಮೇಷ್ಟ್ರಿಗೆ ಅದರ ಕಡೆ ಗಮನವಿರಲಿಲ್ಲ, ಅವರ ಕಿವಿಯೆಲ್ಲ ಉಚ್ಚಾರದ ಮೇಲಿತ್ತು. ಬಸ್ ಕಂಡಕ್ಟರನ ಹೆಂಡತಿಗೆ ಮಾತ್ರ ಎರಡನೆಯ ಉತ್ತರ ಎಷ್ಟು ಹೇಳಿಕೊಟ್ಟರೂ ಹತ್ತಲಿಲ್ಲ. 'ನಮ್ಮಲ್ಲಿ ಜಗಳವೆಂಬುದೇ ಇಲ್ಲ' ಎನ್ನಬೇಕಾದ ಕಡೆ ಅವಳು ಪ್ರತಿ ಸಲವೂ, ಜಗಳ ಆಡ್ತೀವಿ ಆದ್ರೆ ಆಮೇಲೆ ಮಾತಾಡ್ತೀವಿ ಎನ್ನುತ್ತಿದ್ದಳು. ಮೇಷ್ಟ್ರು ಅವಳನ್ನು ನಿಲ್ಲಿಸಿ, ಎಲ್ಲರೆದುರಿಗೆ ಹೇಳಿಸಿ, ತಪ್ಪಿದಾಗ ಮೇಜಿಗೆ ಕುಟ್ಟಿ ಮತ್ತೆ ಹೇಳಿಸಿದರು. ಅವಳು ಕೆನ್ನೆ ಕೆಂಪಾಗಿಸಿಕೊಂಡು ಕೂತಾಗ ಮೇಷ್ಟ್ರಿಗೆ ಹಳೆಯ ದಿನಗಳು ವಾಪಸು ಬಂದ ಹಾಗಾಯಿತು. ಬೀಳ್ಕೊಡುಗೆಯ ದಿನ ಇದೇ ಕೋಣೆಯಲ್ಲಿ ಅಧ್ಯಕ್ಷರು, ಊರಿನಲ್ಲಿ ಯಾರಿಗೆ ಏನೇ ನೋವಾದರೂ ಮೊದಲು ನೆನಪಾಗುವುದು ನಮ್ಮ ಮೇಷ್ಟ್ರು ಎಂದಿದ್ದರು. ಕೊಟ್ಟ ಶಾಲು ಪೆಟ್ಟಿಗೆಯಲ್ಲಿದೆ. ಮಾತು ಮಾತ್ರ ದಿನಾ ಹೊರಗೆ ಬರುತ್ತಿತ್ತು, ಕನ್ನಡಿಯ ಮುಂದೆ, ಗಡ್ಡ ಹೆರೆದುಕೊಳ್ಳುವಾಗ.

ಗಿರಣಿ ಮುಚ್ಚಿಸುವ ಸಲಹೆ ಅವರದ್ದೇ. ಹಿಟ್ಟಿನ ಗಿರಣಿ ಊರಿನ ನಡುಮಧ್ಯದಲ್ಲಿ, ಪಂಚಾಯಿತಿ ಕಚೇರಿಯ ಎದುರಿಗೇ ಇತ್ತು, ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಗಡಗಡ ಎನ್ನುತ್ತಿತ್ತು. ಅದರ ಸದ್ದಿನಲ್ಲಿ ಯಾರ ಅಭಿಪ್ರಾಯವೂ ಯಾರಿಗೂ ಕೇಳಿಸುವಂತಿರಲಿಲ್ಲ. ಅದಕ್ಕಿಂತ ದೊಡ್ಡ ತಲೆನೋವು ಗಿರಣಿಯವಳು. ಜೀವನವಿಡೀ ಆ ಮೆಷಿನ್ನಿನ ಪಕ್ಕದಲ್ಲಿ ನಿಂತು ಅವಳ ಎರಡೂ ಕಿವಿ ಹೋಗಿದ್ದವು. ತನಗೆ ಕೇಳಿಸದ ಮೇಲೆ ಬೇರೆಯವರಿಗೂ ಕೇಳಿಸದು ಎಂಬ ಧೈರ್ಯದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಿದ್ದಳು: ಕಲ್ಲು ಆರಿಸದ ಗೋಧಿಯನ್ನು, ಅದನ್ನು ತಂದವಳನ್ನು, ತಂದವಳ ಗಂಡನನ್ನು, ಅಧ್ಯಕ್ಷರನ್ನು. ಹೊರಗಿನವರೆದುರು ಇವಳೇನಾದರೂ ಬಾಯಿ ಬಿಟ್ಟರೆ ಮಾದರಿ ಗ್ರಾಮದ ಗತಿ ಅಷ್ಟೇ. ಹಿಂದಿನ ದಿನ ಮೇಷ್ಟ್ರೇ ಹೋಗಿ, ನಾಳೆ ಬೇಡ, ಬೀಗ ಎಂದು ಕೈಯಲ್ಲಿ ತೋರಿಸಿ ಹೇಳಿದ್ದರು. ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಅಂದದ್ದನ್ನು ಮೇಷ್ಟ್ರು ಅಧ್ಯಕ್ಷರಿಗೆ ವರದಿ ಮಾಡುವಾಗ, 'ಒಪ್ಪಿದ್ದಾಳೆ' ಎಂದಷ್ಟೇ ಹೇಳಿದರು.

ಬಂದದ್ದು ಒಬ್ಬಳೇ ಹುಡುಗಿ. ದೊಡ್ಡ ಕಾರು, ನಾಲ್ಕಾರು ಅಧಿಕಾರಿಗಳು ಎಂದು ಎಣಿಸಿ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ ಊರಿಗೆ ಅವಳು ಬಸ್ಸಿನಿಂದ ಇಳಿದದ್ದೇ ಗೊತ್ತಾಗಲಿಲ್ಲ. ಯಾರದೋ ಮನೆಯ ನೆಂಟರ ಹುಡುಗಿಯಿರಬೇಕು ಎಂದುಕೊಂಡು ಕಂಡಕ್ಟರ್ ಅವಳನ್ನು ಸರಿ ಸರಿ ಎಂದು ಗದರಿಸಿದ್ದನಂತೆ. ಕಚೇರಿಯ ಒಳಕೋಣೆಯಲ್ಲಿ ಕೂತು, ಮೇಜಿನ ಮೇಲೆ ಬೆರಳುದ್ದದ ರೆಕಾರ್ಡರ್ ಇಟ್ಟು, ಒಬ್ಬೊಬ್ಬರಾಗಿ ಬನ್ನಿ ಎಂದಳು. ಮೇಷ್ಟ್ರು ಒಳಗೇ ಇರುತ್ತೇನೆ, ಜನಕ್ಕೆ ಸಂಕೋಚ, ನಾನಿದ್ದರೆ ಧೈರ್ಯ ಎಂದರು. ಬೇಡ ಸರ್, ನೀವು ಹೊರಗಿದ್ರೆ ಒಳ್ಳೇದು ಎಂದಳು, ನಗುತ್ತಲೇ. ಆ ನಗುವಿನ ಉಚ್ಚಾರದಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಮೇಷ್ಟ್ರು ಹೊರಗೆ ಬಂದು ಕಿಟಕಿಯ ಕೆಳಗಿನ ಬೆಂಚಿನ ಮೇಲೆ, ಬಿಸಿಲು ಕಾಯುವವರ ಹಾಗೆ ಕೂತರು. ಅಲ್ಲಿ ಬಿಸಿಲಿರಲಿಲ್ಲ. ಎದುರಿಗೆ ಅಧ್ಯಕ್ಷರು ಬೀಗ ಹಾಕಿಸಿದ ಗಿರಣಿಯ ಮೆಟ್ಟಿಲ ಮೇಲೆ ಗಿರಣಿಯವಳು ಕಾಲು ಚಾಚಿ ಕೂತು, ಕೆಲಸವಿಲ್ಲದ ಕೈಯಿಂದ ತೋಳಿನ ಹಿಟ್ಟು ಕೆರೆದು ತೆಗೆಯುತ್ತಿದ್ದಳು.

ಮೊದಲು ಟೀ ಅಂಗಡಿಯವನು ಹೋದ. ನಮ್ಮ ಊರಿನಲ್ಲಿ ಎಲ್ಲರೂ ಒಂದೇ ಮನೆಯವರಂತೆ ಎಂದು ಶುರುಮಾಡಿ, ಮೇಷ್ಟ್ರು ನಿಲ್ಲಿಸಿದ ಕಡೆಯೇ ನಿಲ್ಲಿಸಿ, ಮೇಷ್ಟ್ರು ಗಂಟಲು ಸರಿಮಾಡಿಕೊಂಡ ಕಡೆ ಗಂಟಲನ್ನೂ ಸರಿಮಾಡಿಕೊಂಡ. ಕಿಟಕಿಯ ಕೆಳಗೆ ಮೇಷ್ಟ್ರ ತುಟಿ ಜೊತೆಜೊತೆಗೆ ಆಡುತ್ತಿತ್ತು. ನಾಲ್ಕೂ ಮುಗಿಯಿತು. ಇನ್ನು ಏಳಬೇಕು, ಅವನು ಎದ್ದ ಸದ್ದೂ ಆಯಿತು, ಅಷ್ಟರಲ್ಲಿ ಹುಡುಗಿ, ಒಂದು ನಿಮಿಷ ಅಣ್ಣ, ಇದು ನಾನೇ ಕೇಳ್ತಿರೋದು ಎಂದಳು. "ಮನಸ್ಸಿಗೆ ತುಂಬಾ ಬೇಜಾರಾದಾಗ ಯಾರ ಹತ್ರ ಹೇಳ್ಕೋತೀರಿ?"

ಇದು ಪಾಠದಲ್ಲಿ ಇರಲಿಲ್ಲ. ಇದ್ದಿದ್ದರೆ ಉತ್ತರ ಸುಲಭವಿತ್ತು, ಮೇಷ್ಟ್ರು ಬರೆಯದೆಯೇ ಎಲ್ಲರಿಗೂ ಗೊತ್ತಿರುವಂಥದ್ದು. ಮೇಷ್ಟ್ರು ಬೆಂಚಿನ ಮೇಲೆ ಸ್ವಲ್ಪ ನೆಟ್ಟಗಾದರು. ವಿನಯದಿಂದ ನೆಲ ನೋಡಿದರು. ಟೀ ಅಂಗಡಿಯವನು ತನ್ನದೇ ಆದ, ಯಾರೂ ತಿದ್ದಿರದ ದನಿಯಲ್ಲಿ ಹೇಳಿದ. "ಗಿರಣಿಯಮ್ಮನ ಹತ್ರ. ಮೆಷಿನ್ ಓಡ್ತಿರುತ್ತಲ್ಲಾ, ಆ ಸದ್ದಲ್ಲಿ ಹೇಳಿಬಿಡ್ತೀನಿ. ಅವಳಿಗೂ ಕೇಳಿಸಲ್ಲ, ಪಕ್ಕದವರಿಗೂ ಕೇಳಿಸಲ್ಲ. ಹಗುರ ಆಗುತ್ತೆ."

ಟೀ ಅಂಗಡಿಯವನಿಗೆ ಮೊದಲಿನಿಂದಲೂ ತಲೆ ಅಷ್ಟಕ್ಕಷ್ಟೇ, ಏಳರ ಮಗ್ಗಿಗೆ ಮುಗ್ಗರಿಸಿದವನು ಎಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು. ಅವನ ಹಿಂದೆ ಬೇಲಿ ಜಗಳದ ಅಣ್ಣ ಹೋದ. ಜಗಳವೆಂಬುದೇ ಇಲ್ಲ ಎಂದ. ಬೇಜಾರಾದಾಗ ಎಂದು ಕೇಳಿದಾಗ ಗಿರಣಿ ಎಂದ. ತಮ್ಮ ಹೋದ, ಗಿರಣಿ ಎಂದ. ದರ್ಜಿ ಹೋದ, ದರ್ಜಿಯ ತಾಯಿ ಹೋದಳು; ಅವಳು, ಸೊಸೆ ಹೋಗದ ಹೊತ್ತು ನೋಡ್ಕೊಂಡು ಗಿರಣಿಗೆ ಹೋಗ್ತೀನಿ ಎಂದು ಸೇರಿಸಿದಳು. ನಾಲ್ಕು ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಹೇಳಲು ಮೇಷ್ಟ್ರು ಅಷ್ಟು ಸಂಜೆ ಗಂಟಲು ಹರಿದುಕೊಂಡಿದ್ದರು, ಐದನೆಯದಕ್ಕೆ ಯಾರೂ ಹೇಳಿಕೊಡದೆಯೇ ಊರಿಗೆ ಊರೇ ಒಂದಾಗಿತ್ತು. ಒಬ್ಬೊಬ್ಬರು ಒಳಗೆ ಹೋಗುವಾಗಲೂ ಇವನಾದರೂ, ಇವಳಾದರೂ ಎಂದು ಕಾದು ಮೇಷ್ಟ್ರ ಬೆನ್ನು ನೋಯತೊಡಗಿತು. ಅಧ್ಯಕ್ಷರು ಹೋದಾಗ ಮಾತ್ರ ನಿಶ್ಚಿಂತೆಯಾಯಿತು. ಶಾಲು ಹೊದಿಸಿದ ಕೈ. ಅಧ್ಯಕ್ಷರು ನಾಲ್ಕು ಉತ್ತರವನ್ನೂ ಭಾಷಣದ ಹಾಗೆ ಹೇಳಿ, ಐದನೆಯದಕ್ಕೆ ಕೆಮ್ಮಿ, ರೆಕಾರ್ಡರ್ ಆಫ್ ಮಾಡ್ತೀಯಾಮ್ಮ ಎಂದು ಕೇಳಿ, ಅವಳು ಆಫ್ ಮಾಡಿದ ಮೇಲೆ ಹೇಳಿದರು. ಕಿಟಕಿಯನ್ನು ಆಫ್ ಮಾಡುವುದು ಯಾರಿಗೂ ಹೊಳೆಯಲಿಲ್ಲ. ಹೆಂಡತಿಗೆ ಸೊಂಟ ನೋವೆಂದು ಅಧ್ಯಕ್ಷರು ತಾವೇ ಡಬ್ಬಿ ಹೊತ್ತು ಗಿರಣಿಗೆ ಹೋಗುವುದನ್ನು ಮೇಷ್ಟ್ರು ಎಷ್ಟು ಸಲ ನೋಡಿದ್ದರು, ಎಂಥ ಗಂಡ ಎಂದು ಮೆಚ್ಚಿಕೊಂಡಿದ್ದರು. ಈಗ ಯೋಚಿಸಿದರೆ ಈ ಊರಿನಲ್ಲಿ ತಿನ್ನುವುದಕ್ಕಿಂತ ಹೆಚ್ಚು ಹಿಟ್ಟಾಗುತ್ತಿತ್ತು. ಪ್ರತಿ ಮನೆಯ ಡಬ್ಬಿಯಲ್ಲೂ ಹುಳು. ಹಿಟ್ಟು ಹುಳು ಹಿಡಿಯುತ್ತೆ ಎಂದು ದೂರುತ್ತಲೇ ಮತ್ತೆ ಗೋಧಿ ಹೊತ್ತು ಹೋಗುವ ಜನ.

ಅವರ ಮನೆಯಲ್ಲೂ. ಹೆಂಡತಿ ವಾರದಲ್ಲಿ ಎಷ್ಟೋ ಸಲ ಸೇರು ಗೋಧಿ, ಅರ್ಧ ಸೇರು ಗೋಧಿ ಎಂದು ಒಯ್ಯುತ್ತಿದ್ದಳು. ಒಟ್ಟಿಗೆ ಬೀಸಿಸಿಕೊಂಡು ಬಂದರೆ ಆಗದೇ ಎಂದು ಕೇಳಿದರೆ, ಸ್ವಲ್ಪ ಸ್ವಲ್ಪ ಮಾಡಿಸಿದರೆ ಹಿಟ್ಟು ಹೊಸದಾಗಿರುತ್ತೆ ಎನ್ನುತ್ತಿದ್ದಳು. ಹೊಸದಾಗಿರುತ್ತದೆ ಎನ್ನಬೇಕು ಎಂದು ಮೇಷ್ಟ್ರು ತಿದ್ದಿದ್ದರು. ಇದು ನೆನಪಾಗುವ ಹೊತ್ತಿಗೆ ಅವಳು ಮೆಟ್ಟಿಲು ಹತ್ತುತ್ತಿದ್ದಳು. ಬೆಂಚಿನ ಮೇಲಿದ್ದ ಗಂಡನನ್ನು ನೋಡಿದಳು, ಕಿಟಕಿ ನೋಡಿದಳು, ಒಳಗೆ ಹೋದಳು. ಎದ್ದು ಹೋಗಬಹುದಿತ್ತು. ಅಂಗಳದಲ್ಲಿ ಓಡಾಡಬಹುದಿತ್ತು. ಮೇಷ್ಟ್ರು ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಅವಳು ನಾಲ್ಕೂ ಉತ್ತರ ಹೇಳಿದಳು, ಒಂದಕ್ಷರ ತಪ್ಪಿಲ್ಲ. ಪಾಠಕ್ಕೆ ಒಂದು ದಿನವೂ ಬಂದವಳಲ್ಲ, ಅವರು ಮನೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳುವಾಗ ಒಲೆಯ ಮುಂದೆ ಕೂತೇ ಕಲಿತಿದ್ದಳು. ಮೇಷ್ಟ್ರಿಗೆ ಹೆಮ್ಮೆಯಾಯಿತು. ಹುಡುಗಿ ಐದನೆಯದನ್ನು ಕೇಳಿದಳು. ಹೆಂಡತಿ ಕಿಟಕಿಯ ಕಡೆ ತಿರುಗಿದಳೋ ಏನೋ, ದನಿ ಹತ್ತಿರವಾಯಿತು. "ಗಿರಣಿಯಲ್ಲೇ ಹೇಳ್ಕೋತೀನಿ. ಬೇರೆ ಎಲ್ಲಿ ಹೇಳ್ಕೊಳ್ಳಲಿ?" ಅಷ್ಟೇ ಹೇಳಿದಳು, ಅತ್ತ ದನಿಯಲ್ಲ, ದೂರಿನ ದನಿಯೂ ಅಲ್ಲ, ಉಪ್ಪು ಎಲ್ಲಿಟ್ಟಿದ್ದೀಯ ಎಂದು ಕೇಳಿದರೆ ಹೇಳುವ ಹಾಗೆ.

ಕೊನೆಗೆ, ಸರ್ ನೀವೂ ಬನ್ನಿ ಎಂದಳು ಹುಡುಗಿ, ಉಳಿದ ಕೆಲಸ ಮುಗಿಸಿಬಿಡುವವಳ ಹಾಗೆ. ಮೇಷ್ಟ್ರು ನಾಲ್ಕಕ್ಕೂ ಉತ್ತರಿಸಿದರು. ಮುಂಜಾನೆಯಿಂದ ಇಷ್ಟು ಸಲ ಕೇಳಿದ್ದರಿಂದಲೋ ಏನೋ, ತಮ್ಮದೇ ಮಾತು ಬೇರೆಯವರಿಂದ ಕದ್ದ ಹಾಗೆ ಕೇಳಿಸಿತು. ಹುಡುಗಿ ಆಕಳಿಕೆ ತಡೆದುಕೊಂಡಳು. ಐದನೆಯದನ್ನು ಕೇಳಿದಳು.

"ಎಲ್ಲರೂ ನನ್ನ ಹತ್ರ ಬಂದು ಹೇಳ್ಕೋತಾರೆ."

"ಅದಲ್ಲ ಸರ್. ನೀವು ಯಾರ ಹತ್ರ ಹೇಳ್ಕೋತೀರಿ?"

ಮೇಷ್ಟ್ರು ರೆಕಾರ್ಡರಿನ ಕೆಂಪು ಚುಕ್ಕೆಯನ್ನೇ ನೋಡಿದರು. ಹೆಂಡತಿಯ ಹತ್ತಿರ ಎಂದುಬಿಡಬಹುದಿತ್ತು, ನಾಲ್ಕು ಸುಳ್ಳಿನ ಜೊತೆ ಇನ್ನೊಂದು. ಈ ಪ್ರಶ್ನೆ ಪಟ್ಟಿಯಲ್ಲಿ ಇರಲಿಲ್ಲವಲ್ಲ ಎಂದರು. ಇರಲಿಲ್ಲ ಸರ್, ಪರವಾಗಿಲ್ಲ ಎಂದು ಅವಳು ಚುಕ್ಕೆ ಆರಿಸಿದಳು. ಪರವಾಗಿಲ್ಲ ಎನ್ನುವುದನ್ನು ಮೇಷ್ಟ್ರು ದಡ್ಡ ಮಕ್ಕಳಿಗೆ ಹೇಳುತ್ತಿದ್ದರು, ಸ್ಲೇಟು ವಾಪಸು ಕೊಡುವಾಗ.

ಹೊರಗೆ ಬಂದ ಹುಡುಗಿ ಆ ಗಿರಣಿಯಮ್ಮನನ್ನು ನೋಡಬೇಕಲ್ಲ ಎಂದಳು. ಅವಳು ಊರಲ್ಲಿಲ್ಲ ಎಂದರು ಅಧ್ಯಕ್ಷರು. ಊರಲ್ಲಿಲ್ಲದವಳು ಎದುರಿನ ಮೆಟ್ಟಿಲ ಮೇಲಿಂದ, ಕತ್ತೆ ಮುಂಡೇವಾ ಬೀಗ ತೆಗೀತೀರೋ ಇಲ್ಲವೋ ಎಂದು ಕೂಗಿದಳು. ಹುಡುಗಿ ಹೋಗಿ ಅವಳ ಪಕ್ಕ ಕೂತಳು. ಜನ ನಿಮ್ಮ ಹತ್ರ ಏನೇನು ಹೇಳ್ಕೋತಾರಮ್ಮ ಎಂದು ಕೇಳಿದಳು. ಗೋಧಿನಾ, ನಾಳೆ ತಾ, ತೊಳೆದಿದ್ರೆ ಚೆನ್ನಾಗಿ ಒಣಗಿಸಿ ತಾ ಎಂದಳು ಗಿರಣಿಯವಳು. ಅಧ್ಯಕ್ಷರು ಬೇರೆ ದಾರಿ ಕಾಣದೆ ಅವಳ ಕಿವಿಗೆ ಬಾಯಿಟ್ಟು ಪ್ರಶ್ನೆಯನ್ನು ಕೂಗಿದರು. ಊರೆಲ್ಲ ನಿಂತು ನೋಡುತ್ತಿತ್ತು, ಒಬ್ಬರ ಮುಖದಲ್ಲೂ ರಕ್ತವಿರಲಿಲ್ಲ. ಅವಳು ಯೋಚಿಸಿದಳು. "ಏನೋ ತುಟಿ ಆಡಿಸ್ತಾರೆ. ಕೆಲವರು ಅಳ್ತಾರೆ. ನಾನು ಹಿಟ್ಟು ಸರಿಯಾಗಿ ಬರ್ತಿದೆಯಾ ನೋಡ್ತಿರ್ತೀನಿ." ಊರು ಉಸಿರು ಬಿಟ್ಟದ್ದು ಕೇಳಿಸಿತು. ಹುಡುಗಿ ಏನೂ ಬರೆದುಕೊಳ್ಳದೆ ಬಸ್ಸು ಹತ್ತಿದಳು. ಬೋರ್ಡು ಬರುತ್ತದೋ ಇಲ್ಲವೋ ಎಂದು ಕೇಳಲು ಯಾರಿಗೂ ಧೈರ್ಯ ಬರಲಿಲ್ಲ.

ಸಂಜೆ ದೀಪ ಹಾಕಿದ ಮೇಲೆ ಮೇಷ್ಟ್ರು ಹೆಂಡತಿಯ ಎದುರಿಗೆ ಬಂದು ಕೂತರು. ಹೆಂಡತಿ ಗೋಧಿ ಆರಿಸುತ್ತಿದ್ದಳು. ಅವರಿಗೆ ಸಿಟ್ಟಿತ್ತು, ಆ ಸಿಟ್ಟನ್ನು ಯಾವ ಪ್ರಶ್ನೆಯಾಗಿ ಮಾಡಬೇಕು ಎಂದು ತಿಳಿಯುತ್ತಿರಲಿಲ್ಲ. ಕೊನೆಗೆ, ಅವಳಿಗೆ ಕಿವಿಯೇ ಕೇಳಿಸುವುದಿಲ್ಲ, ಅವಳ ಹತ್ತಿರ ಹೇಳಿ ಏನು ಬಂತು ಎಂದರು. ಹೆಂಡತಿ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು.

"ಕೇಳಿಸಲ್ಲ ಅಂತ ನನಗೂ ಗೊತ್ತು. ಆದ್ರೆ ತಿದ್ದೋದಿಲ್ಲ ನೋಡಿ."

ಹಾಗಾದರೆ ನಾನು, ಎಂದು ಶುರುಮಾಡಿದವರಿಗೆ ಆ ವಾಕ್ಯ ಮುಂದೆ ಹೋಗಲಿಲ್ಲ. ನಿನ್ನ ಕಷ್ಟವೇನು ಎಂದು ಕೇಳಬೇಕೆನಿಸಿತು. ಮೂವತ್ತು ಚಿಲ್ಲರೆ ವರ್ಷ ಕೇಳದಿದ್ದದ್ದನ್ನು ಈಗ ಕೇಳಿದರೆ ಅದು ಪ್ರಶ್ನೆಯಂತಿರದೆ ತಪಾಸಣೆಯಂತಿರುತ್ತದೆ ಎಂಬಷ್ಟು ಬುದ್ಧಿ ಅವರಿಗಿತ್ತು. ಅವಳೂ ಕಾಯುತ್ತಿದ್ದಳೇನೋ, ಅವಳ ಕೈ ಮೊರದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಮೇಷ್ಟ್ರು ಎದ್ದು ಹೋಗಿ ಕಾಲು ತೊಳೆದುಕೊಂಡು ಬಂದರು. ಅಷ್ಟರಲ್ಲಿ ಅವಳು ಮೊರ ಎತ್ತಿಟ್ಟು ಅಡುಗೆಮನೆಗೆ ಹೋಗಿದ್ದಳು.

ಮರುದಿನ ಗಿರಣಿ ಶುರುವಾದ ಸದ್ದಿಗೆ ಎಚ್ಚರವಾಯಿತು. ಮೇಷ್ಟ್ರು ಮುಖ ತೊಳೆದು, ಅಂಗಿ ಹಾಕಿಕೊಂಡು, ಆರಿಸಿಟ್ಟಿದ್ದ ಗೋಧಿಯಲ್ಲಿ ಎರಡು ಬೊಗಸೆಯನ್ನು ಚೀಲಕ್ಕೆ ತುಂಬಿದರು. ಎಷ್ಟು ಒಯ್ಯಬೇಕು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ನೋಡಿದಳು, ಎಲ್ಲಿಗೆ ಎಂದು ಕೇಳಲಿಲ್ಲ. ಆ ಚೀಲ ಸೋರುತ್ತೆ, ಡಬ್ಬಿ ತಗೊಳ್ಳಿ ಎಂದು ಮುಚ್ಚಳದ ಡಬ್ಬಿಯೊಂದನ್ನು ಒರೆಸಿ ಕೊಟ್ಟಳು.

ಗಿರಣಿಯಲ್ಲಿ ಐದಾರು ಜನ ಸಾಲಿನಲ್ಲಿದ್ದರು. ಮೇಷ್ಟ್ರನ್ನು ಕಂಡು ಮುಖ ಮುಖ ನೋಡಿಕೊಂಡು, ಅವರು ದೊಡ್ಡವರೆಂದೋ, ನಿನ್ನೆಯ ಕಿಟಕಿಯ ನಾಚಿಕೆಯಿಂದಲೋ, ಮುಂದೆ ಹೋಗಿ ಎಂದು ಕೈತೋರಿಸಿದರು. ಅವರು ಮುಂದೆ ಹೋಗುತ್ತಲೇ ಉಳಿದವರೆಲ್ಲ ಹಿಂದಕ್ಕೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತರು. ರಸ್ತೆಯಿಂದ ನೋಡಿದಾಗಲೆಲ್ಲ ಮೇಷ್ಟ್ರು ಅದನ್ನು ಹಿಟ್ಟಿನ ದೂಳಿಗೆ ಹೆದರಿ ಮಾಡುವುದೆಂದುಕೊಂಡಿದ್ದರು. ಗಿರಣಿಯವಳು ಡಬ್ಬಿ ಕಿತ್ತುಕೊಂಡು ಮೆಷಿನ್ನಿನ ಬಾಯಿಗೆ ಸುರಿದಳು, ಇಷ್ಟೇನಾ ನಿನ್ನ ಮುಖಕ್ಕೆ ಎಂದಳು. ನೆಲ ಅದುರುತ್ತಿತ್ತು, ಹಲ್ಲು ಅದುರುತ್ತಿತ್ತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು, ಸರಿಯಾದದ್ದು ಅವರಿಗೇ ಕೇಳಿಸಲಿಲ್ಲ. ವಿಷಯವೇನೆಂದರೆ, ಎಂದು ಶುರುಮಾಡಿದರು. ಗಿರಣಿಯವಳು ಕೆಳಗೆ ಬೀಳುವ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದಳು. ನಿನ್ನೆ ಅಷ್ಟು ಜನ ಬಂದರು, ಒಬ್ಬರೂ ನನ್ನ ಹೆಸರು ಎತ್ತಲಿಲ್ಲ ಎಂದರು. ಹೇಳಿದ ಮೇಲೆ ಅದು ಎಷ್ಟು ಸಣ್ಣ ದುಃಖ ಅನಿಸಿತು. ಬಾಯಿ ತಾನೇ ಮುಂದೆ ಹೋಯಿತು. ಅದು ಹೋಗಲಿ, ಇವಳಿಗೆ ಏನು ಕಷ್ಟವೋ ನನಗೆ ಗೊತ್ತಿಲ್ಲ, ಪಕ್ಕದಲ್ಲೇ ಇದ್ದಾಳೆ, ರಾತ್ರಿ ನಿದ್ದೆಯಿಲ್ಲದೆ ಹೊರಳುತ್ತಾಳೆ, ನಾನು ಗೋಡೆ ನೋಡಿಕೊಂಡು ಮಲಗಿದ ಹಾಗೆ ನಟಿಸುತ್ತೇನೆ, ಎಂದರು. ಸದ್ದು ಹೆಚ್ಚಾದಂತೆ ದನಿಯೂ ಹೆಚ್ಚಿತು. ವ್ಯಾಕರಣ ಯಾವಾಗಲೋ ಬಿದ್ದುಹೋಗಿತ್ತು. ಕಣ್ಣು ತುಂಬಿ ಮೆಷಿನ್ನು ಎರಡಾಗಿ ಕಾಣಿಸಿತು. ಎರಡು ಬೊಗಸೆ ಗೋಧಿ ಎಷ್ಟು ಹೊತ್ತು ಬಂದೀತು? ಕಲ್ಲು ಬರಿದೇ ತಿರುಗಬಾರದೆಂದು ಗಿರಣಿಯವಳು ಸ್ವಿಚ್ಚು ಆರಿಸಿದಳು.

"ಹೆಂಡತಿ ಜೊತೆ ಹೇಗೆ ಮಾತಾಡಬೇಕು ಅಂತ್ಲೇ ನನಗೆ ಗೊತ್ತಿಲ್ಲ," ಎಂದು ಮೇಷ್ಟ್ರು ತರಗತಿಯ ದನಿಯಲ್ಲಿ, ಹಿಂದಿನ ಬೆಂಚಿಗೂ ಕೇಳಿಸುವ ಹಾಗೆ, ಸ್ತಬ್ಧವಾದ ಗಿರಣಿಗೆ ಹೇಳಿದರು.

ಗೋಡೆಯ ಕಡೆ ನಿಂತವರಲ್ಲಿ ಯಾರೂ ತಿರುಗಲಿಲ್ಲ. ಮೇಷ್ಟ್ರು ಕಣ್ಣು ಒರೆಸಿಕೊಳ್ಳಲೂ ಆಗದೆ, ಡಬ್ಬಿಗೆ ಕೈ ಚಾಚಲೂ ಆಗದೆ ನಿಂತರು. ಇನ್ನು ಈ ಊರಿನಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂಬ ಯೋಚನೆ ಬಂತು, ಆ ಯೋಚನೆಯೂ ಪೂರ್ತಿಯಾಗಲಿಲ್ಲ. ಸಾಲಿನಿಂದ ಒಬ್ಬಳು ಬಂದಳು, ಕಂಡಕ್ಟರನ ಹೆಂಡತಿ. ಮುಂದಿನ ಸರದಿ ಅವಳದ್ದು, ಅವಳ ಕಣ್ಣೂ ಅತ್ತ ಹಾಗೆ ಊದಿಕೊಂಡಿದ್ದವು. ತನ್ನ ದೊಡ್ಡ ಡಬ್ಬಿಯ ಗೋಧಿಯನ್ನು ಅವಳು ತಳ ತಟ್ಟಿ ಪೂರ್ತಿ ಮೆಷಿನ್ನಿನ ಬಾಯಿಗೆ ಸುರಿದಳು. ಸ್ವಿಚ್ಚು ಹಾಕು ಎಂದು ಗಿರಣಿಯವಳಿಗೆ ಕೈಸನ್ನೆ ಮಾಡಿದಳು. "ಮುಗಿಸಿಬಿಡಿ ಮೇಷ್ಟ್ರೇ," ಎಂದಳು, ಅವರ ಮುಖ ನೋಡದೆ. ಖಾಲಿ ಡಬ್ಬಿ ಹಿಡಿದುಕೊಂಡು ಹೋಗಿ ಗೋಡೆಯ ಕಡೆ ತಿರುಗಿ ನಿಂತಳು. ಗಿರಣಿ ಮತ್ತೆ ಶುರುವಾಯಿತು.